ಗೇರ್ದಿಯ ಕಿವಿಗುರುತು

ಅಜ್ಜಿ ತೀರಿಕೊಂಡು ಏಳು ತಿಂಗಳಾದ ಮೇಲೆ ಗುರುತುಪುಸ್ತಕದವರ ಕಾಗದ ಬಂತು. ಎಂಟು ವರ್ಷಕ್ಕೊಮ್ಮೆ ಆ ಪುಸ್ತಕ ಹೊಸದಾಗಿ ಅಚ್ಚಾಗುತ್ತದೆ. ಯಾವ ಮನೆಯ ಕುರಿಗೆ ಯಾವ ಕಿವಿಯಲ್ಲಿ ಎಂಥ ಕಚ್ಚು ಅನ್ನುವುದೆಲ್ಲ ಅದರಲ್ಲಿರುತ್ತದೆ. ಕಾಗದದಲ್ಲಿ ಅಜ್ಜಿಯ ಹೆಸರು, ನಮ್ಮ ಮನೆಯ ಹೆಸರು ಹಾಕಿ ಹೀಗೆ ಬರೆದಿತ್ತು: ‘ದೀರ್ಫಿನ್ನಾ, ಗೇರ್ದಿ. ಬಲಗಿವಿಯ ತುದಿ ಸೀಳು, ಎಡಗಿವಿಯ ಹಿಂದೆ ಕಚ್ಚು. ಈ ಗುರುತಿನ ವಾರಸುದಾರರು ಯಾರೆಂದು ಸೆಪ್ಟೆಂಬರ್ ಮುಗಿಯುವುದರೊಳಗೆ ತಿಳಿಸಿ. ಇಲ್ಲವಾದರೆ ಗುರುತು ರದ್ದಾಗುತ್ತದೆ.’

ಅದರ ಕೆಳಗೆ ಒಂದು ಖಾಲಿ ಗೆರೆ. ಆ ಗೆರೆಯ ಮೇಲೆ ಹೆರ್ದಿಸ್ ಅಂತ ನನ್ನ ಹೆಸರು ಬರೆದು ಕಳಿಸಿದರೆ ಕೆಲಸ ಮುಗಿಯಿತು. ಗೇರ್ದಿಯ ಮನೆ ನನ್ನದು, ಕುರಿ ನನ್ನವು, ಅಜ್ಜಿಗೆ ಬೇರೆ ಮೊಮ್ಮಕ್ಕಳೂ ಇಲ್ಲ. ಆದರೂ ಆ ಕಾಗದ ಅಡುಗೆಮನೆಯ ಮೇಜಿನ ಮೇಲೆ ಹದಿನೈದು ದಿನ ಬಿದ್ದಿತ್ತು. ಅದರ ಮೇಲೆ ಎರಡು ಸಲ ಕಾಫಿ ಚೆಲ್ಲಿದೆ. ಅದನ್ನು ಕಂಡಾಗಲೆಲ್ಲ ಹತ್ತು ವರ್ಷದ ಹುಡುಗಿಯಾಗಿದ್ದಾಗ ನಾನು ಮಾಡಿದ್ದ ಒಂದು ಕೆಲಸ ನೆನಪಾಗುತ್ತಿತ್ತು. ಆ ಕೆಲಸ ಮಾಡಿದವಳಿಗೆ ಈ ಗುರುತು ಇಟ್ಟುಕೊಳ್ಳುವ ಯೋಗ್ಯತೆ ಇಲ್ಲ ಅನ್ನಿಸುತ್ತಿತ್ತು.

ನನ್ನ ತಾಯಿ ಉನ್ನುರ್ ಫೋನಿನಲ್ಲಿ, ಯಾರಿಗಾದರೂ ಕೊಟ್ಟು ರೇಕ್ಯಾವಿಕ್‌ಗೆ ಬಂದುಬಿಡು ಅಂದಳು. ಅವಳಿಗೆ ಏನು, ಹೇಳುತ್ತಾಳೆ. ನಾನು ನಾಲ್ಕು ವರ್ಷದವಳಿದ್ದಾಗ ನನ್ನನ್ನು ಎರಡು ವಾರ ನೋಡಿಕೊಂಡಿರು ಅಂತ ಅಜ್ಜಿಯ ಬಳಿ ಬಿಟ್ಟು ಹೋದವಳು ಅವಳು. ಆ ಎರಡು ವಾರ ಈಗ ಹತ್ತೊಂಬತ್ತು ವರ್ಷವಾಗಿದೆ. ಆ ಸಿಟ್ಟು ನನಗೆ ಪೂರ್ತಿ ಹೋಗಿಲ್ಲ. ಹೋಗಿದೆ ಅಂದರೆ ಸುಳ್ಳಾಗುತ್ತದೆ.

ಅಜ್ಜಿಗೆ ಮೂಗಿನ ತುದಿಯಲ್ಲೇ ಸಿಟ್ಟು. ರೇಡಿಯೋದಲ್ಲಿ ಹವಾಮಾನ ಓದುವವನನ್ನೂ ಬಿಡುತ್ತಿರಲಿಲ್ಲ. ಅವನು ಗಾಳಿ ಅಂದ ದಿನ ಗಾಳಿ ಬೀಸದಿದ್ದರೆ, ‘ಕಿಟಕಿ ತೆಗೆದು ನೋಡೋಕೆ ಏನು ರೋಗ ಇವನಿಗೆ’ ಅನ್ನುತ್ತಿದ್ದಳು. ಅವಳ ಅಣ್ಣಂದಿರೆಲ್ಲ ಮೀನುದೋಣಿ ಹತ್ತಿ ಹೋದ ಮೇಲೆ, ಇಪ್ಪತ್ತಾರನೇ ವಯಸ್ಸಿಗೆ ಒಬ್ಬಳೇ ಗೇರ್ದಿಯನ್ನು ಹಿಡಿದು ನಿಂತವಳು. ಮಾತು ಕಡಿಮೆ, ಮುದ್ದು ಇನ್ನೂ ಕಡಿಮೆ. ಹೊಗಳಬೇಕಾದರೆ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕುತ್ತಿದ್ದಳು.

ಗುರುತಿನ ವಿಷಯ ಹೇಳಬೇಕಾದರೆ ಹೊಳೆಯ ಆಚೆಯ ಬಕ್ಕಿ ಮನೆಯ ವಿಷಯವನ್ನೂ ಹೇಳಬೇಕು. ಅಲ್ಲಿರುವುದು ಬ್ರಾಂದುರಜ್ಜ. ಒಂದು ಕಾಲಕ್ಕೆ ಗೇರ್ದಿ, ಬಕ್ಕಿ ಎರಡೂ ಒಂದೇ ಮನೆ. ನನ್ನ ಅಜ್ಜಿಯ ತಾತ ಮತ್ತು ಬ್ರಾಂದುರಜ್ಜನ ತಾತ ಅಣ್ಣತಮ್ಮಂದಿರು, ಜಗಳವಾಡಿ ಪಾಲಾದರು. ಹುಲ್ಲುಗಾವಲು ಪಾಲಾಯಿತು, ದೋಣಿ ಪಾಲಾಯಿತು, ಅಪ್ಪನ ಕಿವಿಗುರುತು ಮಾತ್ರ ಇಬ್ಬರಿಗೂ ಬೇಕು. ಕೊನೆಗೆ ಅಣ್ಣ ಅದನ್ನು ಇದ್ದ ಹಾಗೇ ಇಟ್ಟುಕೊಂಡ. ತಮ್ಮ ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ತಿರುಗಿಸಿಕೊಂಡ. ಇಂಥ ಹಠಮಾರಿಗಳ ವಂಶ ನಮ್ಮದು. ಹೀಗಾಗಿ ಬಲಗಿವಿ ಸೀಳಿದ್ದರೆ ಕುರಿ ಗೇರ್ದಿಯದು, ಎಡಗಿವಿ ಸೀಳಿದ್ದರೆ ಬಕ್ಕಿಯದು.

ನನಗೆ ಹತ್ತು ವರ್ಷವಾಗಿದ್ದ ಆ ಮೇ ತಿಂಗಳಲ್ಲಿ ಕುರಿಗಳು ಒಂದರ ಹಿಂದೊಂದು ಈಯುತ್ತಿದ್ದವು. ಒಂದು ಕುರಿಗೆ ಮರಿ ಅಡ್ಡ ಸಿಕ್ಕಿಕೊಂಡು, ಅಜ್ಜಿ ಮೊಣಕೈವರೆಗೆ ಕೈ ಹಾಕಿ ಕೂತಿದ್ದಳು. ಪಕ್ಕದ ಖಾನೆಯಲ್ಲಿ ಎರಡು ದಿನದ ಒಂಬತ್ತು ಮರಿಗಳಿದ್ದವು. ಅವನ್ನು ಮಧ್ಯಾಹ್ನವೇ ಹೊರಗೆ ಬಿಡಬೇಕಿತ್ತು. ಅಜ್ಜಿ ನನ್ನನ್ನು ಒಮ್ಮೆ ನೋಡಿದಳು. ಸೊಂಟದಿಂದ ಚಾಕು ತೆಗೆದು ಕೊಟ್ಟು, ನೀನೇ ಗುರುತು ಹಾಕು ಅಂದಳು. ಆ ಚಾಕುವಿನ ಹಿಡಿ ಬೆಚ್ಚಗಿತ್ತು. ಅಂಥ ಹೆಮ್ಮೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ನಾನು ಕೆಲಸ ಕಲಿತದ್ದು ಅಜ್ಜಿಯ ಎದುರು ಕೂತು ನೋಡಿ. ಅಜ್ಜಿ ಮರಿಯ ಬೆನ್ನ ಹಿಂದೆ ನಿಂತು ಕೊಯ್ಯುತ್ತಿದ್ದಳು, ನಾನು ಮರಿಯ ಮುಖಕ್ಕೆ ಮುಖ ಕೊಟ್ಟು ಅದನ್ನು ಹಿಡಿದುಕೊಂಡಿರುತ್ತಿದ್ದೆ. ಆವತ್ತು ಚಾಕು ನನ್ನ ಕೈಗೆ ಬಂದಾಗಲೂ ಹಾಗೇ ಎದುರು ಕೂತೆ. ನನ್ನ ಬಲಗೈ ಯಾವ ಕಡೆಗಿತ್ತೋ ಅದೇ ಬಲಗಿವಿ ಅಂದುಕೊಂಡೆ. ಒಂದೊಂದೇ ಮರಿಯನ್ನು ಮೊಣಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಒಂದು ಕಿವಿಯ ತುದಿ ಸೀಳಿದೆ, ಇನ್ನೊಂದರ ಹಿಂದೆ ಕಚ್ಚು ಹಾಕಿದೆ. ಒಂಬತ್ತಕ್ಕೂ ಬಹಳ ಅಚ್ಚುಕಟ್ಟಾಗಿ ಬಕ್ಕಿಯ ಗುರುತು ಹಾಕಿದೆ.

ಗೊತ್ತಾದದ್ದು ಒಂದು ವಾರದ ಮೇಲೆ. ಗೋಡೆಯ ಪಕ್ಕ ಒಂದು ತಾಯಿಕುರಿ, ಅದರ ಮರಿ, ಎರಡೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ತಾಯಿಯ ಸೀಳು ಒಂದು ಕಿವಿಯಲ್ಲಿ, ಮರಿಯದು ಇನ್ನೊಂದರಲ್ಲಿ. ಸರಿಮಾಡುವ ದಾರಿಯೇ ಇಲ್ಲ. ಕೊಯ್ದ ಕಿವಿಯನ್ನು ಮತ್ತೆ ಕೊಯ್ಯುವವನು ಕಳ್ಳ ಅಂತ ನಮ್ಮಲ್ಲಿ ನಡೆಯಲು ಕಲಿಯುವ ಮಕ್ಕಳಿಗೂ ಗೊತ್ತು. ಅಜ್ಜಿಗೆ ಹೇಳಬೇಕಿತ್ತು. ಹೇಳಲಿಲ್ಲ. ಬೇಸಿಗೆಯಿಡೀ ಯಾರಾದರೂ ಕಿವಿ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಮರಿಗಳು ಬೆಟ್ಟಕ್ಕೆ ಹೋದವು. ಬೆಟ್ಟದಲ್ಲೇ ಕಳೆದುಹೋಗಲಿ ಅಂತ ಬೇಡಿಕೊಂಡೆ ಕೂಡ. ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡದ್ದು ನಿಜ.

ಸೆಪ್ಟೆಂಬರಿನಲ್ಲಿ ಎಲ್ಲರ ಕುರಿಗಳೂ ಬೆಟ್ಟದಿಂದ ಇಳಿದು ಕಲ್ಲುದೊಡ್ಡಿಗೆ ಬಂದವು. ದುಂಡಗಿನ ನಡುದೊಡ್ಡಿ, ಸುತ್ತ ಒಂದೊಂದು ಮನೆಗೆ ಒಂದೊಂದು ಖಾನೆ. ಕುರಿಯನ್ನು ಕೊಂಬು ಹಿಡಿದು ಎಳೆದು, ಕಿವಿ ನೋಡಿ, ಅದರ ಖಾನೆಗೆ ನೂಕಬೇಕು. ಅಲ್ಲಿ ಕಿವಿ ಹೇಳಿದ್ದೇ ಮಾತು. ಅಜ್ಜಿ ಒಂದು ಮರಿಯನ್ನು ಹಿಡಿದಳು, ಹೆಬ್ಬೆರಳಿಂದ ಕಿವಿ ಸವರಿದಳು. ಆಮೇಲೆ ತಾನೇ ಅದನ್ನು ಎಳೆದುಕೊಂಡು ಹೋಗಿ ಬ್ರಾಂದುರಜ್ಜನ ಖಾನೆಗೆ ಬಿಟ್ಟಳು. ನಾನು ಅಷ್ಟೇ ನೋಡಿದ್ದು. ಓಡಿಹೋಗಿ ಜೀಪಿನ ಹಿಂದೆ ಬಚ್ಚಿಟ್ಟುಕೊಂಡು, ಯಾರೋ ಕೊಟ್ಟ ಕರಿದ ಕಜ್ಜಾಯವನ್ನು ಅಳುತ್ತಾ ತಿಂದೆ.

ಅಜ್ಜಿ ಮನೆಗೆ ಬಂದು ಮಾಂಸದ ಸಾರು ಬಡಿಸಿದಳು. ಆ ಚಳಿಗಾಲ ತನಗೊಂದು ಹೊಸ ಕೋಟು ತರುವವಳಿದ್ದಳು, ತರದೆ ಹಳೆಯದನ್ನೇ ತೊಟ್ಟಳು. ಬಣ್ಣ ಹಿಡಿಸಲಿಲ್ಲ ಅಂದಳು. ಮುಂದಿನ ಮೇ ತಿಂಗಳಲ್ಲಿ ಮತ್ತೆ ಚಾಕು ತೆಗೆದು ನನ್ನ ಕೈಗೇ ಕೊಟ್ಟಳು. ನಾನು ಹಿಂದೆ ಸರಿದೆ. ಅವಳು ನನ್ನ ಭುಜ ಹಿಡಿದು, ಮರಿಯ ಬೆನ್ನ ಹಿಂದೆ ತಂದು ನಿಲ್ಲಿಸಿದಳು.

“ಕುರಿ ಯಾವ ಕಡೆ ನೋಡುತ್ತೋ ನೀನೂ ಆ ಕಡೆ ನೋಡು,” ಅಂದಳು.

ಆ ವಿಷಯದಲ್ಲಿ ಅವಳು ಆಡಿದ ಮಾತು ಅದೊಂದೇ. ನಾನೂ ಬಾಯಿ ಬಿಡಲಿಲ್ಲ. ಅವಳಿಗೆ ಗೊತ್ತು ಅಂತ ನನಗೆ ಗೊತ್ತಿತ್ತು. ಊರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಅವಳ ಹಾಸಿಗೆಯ ಪಕ್ಕ ಕೂತಾಗಲೂ ನಾಲಿಗೆಯ ತುದಿಗೆ ಬಂದದ್ದು ಆಚೆ ಬರಲಿಲ್ಲ. ಅವಳು ಹೋಗಿಬಿಟ್ಟಳು. ಈಗ ಯಾರಿಗೆ ಹೇಳಲಿ?

ಹದಿನೈದು ದಿನ ಯೋಚಿಸಿ ಕೊನೆಗೆ ಗುರುತನ್ನು ಬ್ರಾಂದುರಜ್ಜನಿಗೇ ಕೊಡುವುದು ಅಂತ ತೀರ್ಮಾನಿಸಿದೆ. ಎಷ್ಟೆಂದರೂ ಒಂದೇ ಮನೆಯ ಗುರುತು, ಒಂದೇ ಕಡೆ ಸೇರಲಿ. ನಾನು ಬೇಕಾದರೆ ತಾಯಿ ಹೇಳಿದ ಹಾಗೆ ಪಟ್ಟಣಕ್ಕೆ ಹೋಗಿ ಎಲ್ಲಾದರೂ ಕೆಲಸ ಹಿಡಿಯುತ್ತೇನೆ. ಆದರೆ ಕೊಡುವ ಮೊದಲು ಆ ಒಂಬತ್ತು ಮರಿಗಳ ಕತೆ ಅವನಿಗೆ ಹೇಳಲೇಬೇಕು. ಕಾಗದ ಮಡಚಿ ಕೋಟಿನ ಜೇಬಿಗಿಟ್ಟುಕೊಂಡು ದೊಡ್ಡಿಗೆ ಹೋದೆ.

ಈ ವರ್ಷದ ವಿಂಗಡಣೆ ಮೂರು ಗಂಟೆಗೆಲ್ಲ ಮುಗಿಯಿತು. ಬ್ರಾಂದುರಜ್ಜ ಕಲ್ಲುಗೋಡೆಯ ಮೇಲೆ ಕೂತು ನಶ್ಯ ಏರಿಸುತ್ತಿದ್ದ. ಎಪ್ಪತ್ತು ದಾಟಿದೆ, ಆದರೂ ಟಗರನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ನನ್ನ ಕೈ ನೋಡಿ, ಇದೇನು, ಗುಮಾಸ್ತೆಯ ಕೈ ಇದ್ದ ಹಾಗಿದೆಯಲ್ಲ ಅಂತ ಕಿಚಾಯಿಸಿದ. ನಿನ್ನ ಮೂಗಿಗಿಂತ ಚೊಕ್ಕವಾಗಿದೆ ಬಿಡು ಅಂದೆ. ಅವನಿಗೆ ಒಂದು ಲೋಟ ಕಾಫಿ ಸುರಿದು ಕೊಟ್ಟು ಪಕ್ಕದಲ್ಲಿ ಕೂತೆ.

“ಅಜ್ಜ, ನಾನು ಹತ್ತು ವರ್ಷದವಳಿದ್ದಾಗ ನಮ್ಮ ಒಂಬತ್ತು ಮರಿಗೆ ನಿನ್ನ ಗುರುತು ಹಾಕಿಬಿಟ್ಟಿದ್ದೆ. ಗೊತ್ತಾದ ಮೇಲೂ ಯಾರಿಗೂ ಹೇಳಲಿಲ್ಲ.”

ಅವನು ಮೂಗು ಒರೆಸಿಕೊಂಡ. “ಎಂಟು. ಒಂದು ಬೆಟ್ಟದಲ್ಲೇ ಸತ್ತಿತ್ತು.”

ನನ್ನ ಮುಖ ನೋಡಿ ಅವನಿಗೆ ನಗು ಬಂತು.

“ಊರಿಗೆಲ್ಲ ಗೊತ್ತು ಕಣೇ. ತಾಯಿಕುರಿಗಳು ನಿಮ್ಮ ಖಾನೆಯಲ್ಲಿ ನಿಂತು ಬಾಯಿ ಬಡ್ಕೊತಿದ್ವು, ಮರಿಗಳು ನಮ್ಮ ಖಾನೆಯಲ್ಲಿ. ಕಿವುಡನಿಗೂ ಗೊತ್ತಾಗುತ್ತೆ.”

ಹದಿಮೂರು ವರ್ಷ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಈ ಊರಿನಲ್ಲಿ ತಿರುಗಾಡಿದ್ದೇನೆ! ಮತ್ತೆ ಒಬ್ಬರೂ ಯಾಕೆ ಏನೂ ಅನ್ನಲಿಲ್ಲ ಅಂತ ಕೇಳಿದೆ. ಇಲ್ಲಿಯ ಜನ ಬೇರೆಯವರ ಎಡವಟ್ಟನ್ನು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಒಂದು ಸಲ ಟ್ರ್ಯಾಕ್ಟರನ್ನು ಹೊಳೆಗೆ ಇಳಿಸಿದವನ ಮೇಲೆ ನಲವತ್ತು ವರ್ಷದಿಂದ ಪದ್ಯ ಕಟ್ಟುತ್ತಿದ್ದಾರೆ.

ಆವತ್ತು ಎಂಟನೇ ಮರಿಯನ್ನು ಬಿಟ್ಟ ಮೇಲೆ ಅಜ್ಜಿ ದೊಡ್ಡಿಯ ನಡುವೆ ನಿಂತು ಒಂದು ಸಲ ಸುತ್ತ ನೋಡಿದಳಂತೆ. ಅಷ್ಟೇ. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ, ಪದ್ಯವನ್ನೂ ಕಟ್ಟಲಿಲ್ಲ. ಮಾರನೇ ದಿನ ಬ್ರಾಂದುರಜ್ಜ ಎಂಟನ್ನೂ ಹೊಳೆ ದಾಟಿಸಿ ನಮ್ಮ ಬಾಗಿಲಿಗೇ ತಂದಿದ್ದನಂತೆ. ನಾನು ಶಾಲೆಗೆ ಹೋಗಿದ್ದೆ. ಅಜ್ಜಿ ಬಾಗಿಲಲ್ಲೇ ನಿಂತು, ನಿನಗೆ ಕಿವಿ ಓದೋಕೆ ಬರಲ್ವಾ ಅಂತ ಗದರಿಸಿದ್ದಳಂತೆ.

“ಆಮೇಲೆ ಏನಂದಳು ಗೊತ್ತಾ?” ಅಂದ ಬ್ರಾಂದುರಜ್ಜ. “‘ನನ್ನ ಮೊಮ್ಮಗಳು ಮೊದಲನೇ ಸಲ ಕೈಯಾರೆ ಕೊಯ್ದ ಕಿವಿ ಇದು. ಈಗ ವಾಪಸು ತಗೊಂಡ್ರೆ ಅವಳು ಇನ್ನು ಚಾಕು ಮುಟ್ಟಲ್ಲ. ಮರಿ ಮುಂದಿನ ವರ್ಷವೂ ಹುಟ್ಟುತ್ವೆ. ಹೊಡ್ಕೊಂಡು ಹೋಗು’ ಅಂದಳು.”

ನನಗೆ ಅಳು ಬಂತು. ದುಃಖ ಒಂದು ಕಡೆ, ಸಿಟ್ಟು ಒಂದು ಕಡೆ. ಹೇಳಬಾರದಿತ್ತೇನೇ ಮುದುಕಿ, ಒಂದು ಮಾತು, ಅಂತ ಮನಸ್ಸಿನಲ್ಲೇ ಬೈದೆ. ಅವಳ ಆ ಹಳೆಯ ಕೋಟು ಕಣ್ಣ ಮುಂದೆ ಬಂತು. ಅವಳು ನನ್ನನ್ನು ಅಷ್ಟು ಪ್ರೀತಿಸುತ್ತಿದ್ದಳು ಅಂತ ತಿಳಿಯುವುದಕ್ಕೆ ಅವಳು ಸತ್ತು ಏಳು ತಿಂಗಳು ಬೇಕಾಯಿತು. ಬ್ರಾಂದುರಜ್ಜ ನನ್ನ ಕಡೆ ನೋಡದೆ ನಶ್ಯದ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದ.

ನಾನು ಮುಖ ಒರೆಸಿಕೊಂಡ ಮೇಲೆ ಅವನು ತನ್ನ ಖಾನೆಯ ಕಡೆ ಬೆರಳು ತೋರಿಸಿದ. ಆ ಎಂಟರಲ್ಲಿ ಎರಡು ಹೆಣ್ಣುಮರಿ ಉಳಿಸಿಕೊಂಡಿದ್ದನಂತೆ. ಅಲ್ಲಿ ನಿಂತಿದ್ದ ಕಪ್ಪುಮೂತಿಯವೆಲ್ಲ ಅದೇ ಸಂತಾನ. ಗೇರ್ದಿಯ ರಕ್ತ, ಒಂದನ್ನು ಹಿಡಿದುಕೊಂಡು ಹೋಗು ಅಂದ. ನಾನು ಖಾನೆಗೆ ಇಳಿದು ಒಂದು ಮರಿಯನ್ನು ಹಿಡಿದೆ. ಒಳ್ಳೆ ಮರಿ, ಬೆನ್ನು ಅಗಲ. ಅದರ ಬೆನ್ನ ಹಿಂದೆ ನಿಂತು ಹೆಬ್ಬೆರಳಿಂದ ಕಿವಿ ಸವರಿದೆ.

“ಎಡಗಿವಿ ಸೀಳಿದೆ. ನಿನ್ನದೇ ಅಜ್ಜ,” ಅಂದು ಬಿಟ್ಟುಬಿಟ್ಟೆ.

ಅವನು ಗೋಡೆಯಾಚೆ ಅಜ್ಜಿಯ ಖಾನೆಯಲ್ಲಿ ತುಂಬಿಕೊಂಡಿದ್ದ ಕುರಿಗಳನ್ನು ನೋಡಿದ.

“ಹಾಗಾದ್ರೆ ಬಲಗಿವಿ ಸೀಳಿದ್ದು ಯಾರದು?”

ಜೇಬಿನಲ್ಲಿದ್ದ ಕಾಗದ ಕೈಗೆ ತಗುಲಿತು. ಅದನ್ನು ಆಚೆ ತೆಗೆಯಲಿಲ್ಲ.

“ನನ್ನದು,” ಅಂದೆ.

ಮನೆಗೆ ಬಂದು ಕುರಿಗಳಿಗೆ ಹುಲ್ಲು ಹಾಕಿ, ಕೈ ತೊಳೆದುಕೊಂಡು, ಮೇಜಿನ ಮುಂದೆ ಕೂತೆ. ಖಾಲಿ ಗೆರೆಯ ಮೇಲೆ ಹೆಸರು ಬರೆದೆ. ಅದರ ಕೆಳಗೆ ಗುರುತನ್ನು ಇನ್ನೊಮ್ಮೆ ನಮ್ಮ ಕೈಬರಹದಲ್ಲೇ ಬರೆದು ಕಳಿಸಬೇಕಂತೆ. ಬರೆಯುವ ಮೊದಲು ಪೆನ್ನು ಕೆಳಗಿಟ್ಟು, ನನ್ನ ಬಲಗಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.