ದೀಪದ ಗೂಡಿನಲ್ಲಿ ಡೈಸಿ

ಕಳೆದ ತಿಂಗಳು ನನಗೂ ನನ್ನ ಬೀಗಿತ್ತಿಗೂ ಜಗಳವಾಯಿತು. ಒಡವೆಗಲ್ಲ, ಸೀರೆಗಲ್ಲ. ಗೋಡೆಯಲ್ಲಿರುವ ಒಂದು ಗೂಡಿಗೆ!

ತಪ್ಪು ನಮ್ಮ ಭಾಷೆಯದು. ಇಂಗ್ಲಿಷಿನಲ್ಲಿ ಹಕ್ಕಿಯದು ನೆಸ್ಟ್, ಗೋಡೆಯದು ನಿಚ್. ಕನ್ಫ್ಯೂಷನ್ನೇ ಇಲ್ಲ. ನಮ್ಮಲ್ಲಿ ಹಕ್ಕಿ ಕಟ್ಟುವುದೂ ಗೂಡು, ದೀಪ ಇಡಲು ಗೋಡೆಯಲ್ಲಿ ಬಿಡುವುದೂ ಗೂಡು.

ಮಗಳು ಶಾಂತಾ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆ ಕಟ್ಟಿಸುತ್ತಿದ್ದಾಗ ನಾನು ದುರ್ಗಿಗುಡಿಯ ನನ್ನ ಮನೆಯಿಂದ ಹೇಳಿಕಳುಹಿಸಿದ್ದೆ: ನಾನು ಬಂದು ಇರಬೇಕಾದರೆ ಮೊದಲು ಒಂದು ಗೂಡು ಮಾಡಿಸು. ಡೈಸಿ ನನ್ನ ಸಾಕು ಗೊರವಂಕ. ಅವಳು ಮಲಗಲು ಮರದ ಪೆಟ್ಟಿಗೆಯೊಂದು ನನ್ನ ಮನಸ್ಸಿನಲ್ಲಿತ್ತು. (ನಮ್ಮ ಕಾನ್ವೆಂಟಿನಲ್ಲಿ ಮದರ್ ಅವರ ಕೆನರಿ ಹಕ್ಕಿಗಳಿಗೆ ಅಂಥದ್ದಿತ್ತು. ಮುಂದೆ ದುಂಡನೆಯ ಬಾಗಿಲು. ಸೋ ಸ್ವೀಟ್!) ಶಾಂತಾ ಗಾರೆಯವನಿಗೆ, "ಅಮ್ಮನಿಗೊಂದು ಗೂಡು ಬೇಕಂತೆ" ಎಂದಳು. ವಯಸ್ಸಾದ ಹೆಂಗಸು ಗೂಡು ಕೇಳಿದರೆ ಇನ್ನೇತಕ್ಕೆ? ಅವನು ನನ್ನ ಕೋಣೆಯ ಗೋಡೆಯಲ್ಲಿ ತಲೆಯೆತ್ತರಕ್ಕೆ, ಕಮಾನಿನ ಸಮೇತ, ದೀಪ ವಿಭೂತಿ ಇಡುವ ಗೂಡು ಬಿಟ್ಟ.

ಡೈಸಿಯೊಂದಿಗೆ ಬಂದಿಳಿದ ಮೇಲೆ ಅದನ್ನು ನೋಡಿ, ಪೆಟ್ಟಿಗೆಗೆಂದು ಬಡಗಿಯನ್ನು ಕರೆಸಿದೆ. "ಯುದ್ಧ ಮುಗೀಲಿ ಅಮ್ಮಾರೇ, ಮರ ಎಲ್ಲಾ ಮಿಲಿಟರಿಗೆ ಹೋಗ್ತಿದೆ, ಈಗ ಹಲಗೆ ಎಲ್ಲಿ ಸಿಗುತ್ತೆ?" ಎಂದು ಹೋದ.

ಸರಿ, ಪಂಜರವೇ ಗತಿ. ಅದನ್ನು ಎಲ್ಲಿಡುವುದು? ಕಿಟಕಿಯಲ್ಲಿ ಫ್ರೆಶ್ ಏರ್ ಎಂದುಕೊಂಡೆ. ಬೆಳಗ್ಗೆ ನೋಡಿದರೆ ಪಕ್ಕದ ಮನೆಯ ಬೆಕ್ಕು ಸರಳಿನಾಚೆ ಕುಳಿತು ದರ್ಶನ ಪಡೆಯುತ್ತಿದೆ. ಅಡುಗೆಮನೆ ಬೆಚ್ಚಗಿರುತ್ತದೆಂದು ಅಲ್ಲಿಟ್ಟರೆ ಒಲೆಯ ಹೊಗೆ. ಹಾಲಿನ ನಡುವೆ ತೂಗುಹಾಕಿದರೆ ಕಾರ್ಖಾನೆಯ ಶಿಫ್ಟು ಮುಗಿಸಿ ಬರುವ ಅಳಿಯ, ಅವರ ಸ್ನೇಹಿತರು, ಲಾಟೀನು, ನಗು. ಪಾಪ, ಎಲ್ಲರೂ ಪ್ರೀತಿಯಿಂದಲೇ "ಡೈಸಿ, ಡೈಸಿ" ಎನ್ನುತ್ತಿದ್ದರು.

ಡೈಸಿಯ ನಿದ್ದೆ ಕೆಟ್ಟಿತು. ಹಗಲೆಲ್ಲ ತೂಕಡಿಕೆ. ಬಾಳೆಹಣ್ಣು ಹಿಡಿದರೂ ಕೊಕ್ಕು ತೆರೆಯಳು. ಕೊನೆಗೆ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿದಳು. ನಾನು ಹೆದರಿದೆ. ಹೀಗೇ ಆದರೆ ಇವಳು ಉಳಿಯುತ್ತಾಳೆಯೇ?

ಒಂದು ಸಂಜೆ ಪಂಜರ ತೊಳೆಯಲು ಬಾಗಿಲು ತೆಗೆದೆ. ಡೈಸಿ ಬುರ್ರನೆ ಹಾರಿ ನೇರ ಗೋಡೆಯ ಗೂಡಿಗೆ ಹೋದಳು. ಒಳಮೂಲೆಗೆ ಒತ್ತಿಕೊಂಡು ಕುಳಿತು, ಒಮ್ಮೆ ನನ್ನನ್ನು ನೋಡಿ, ತಲೆಯನ್ನು ರೆಕ್ಕೆಯೊಳಗೆ ಇಟ್ಟುಬಿಟ್ಟಳು. ಮೂರು ಕಡೆ ಗೋಡೆ. ಮೇಲೆ ಕಮಾನು. ಕಾಯಬೇಕಾದದ್ದು ಒಂದೇ ಕಡೆ. ನಮಗ್ಯಾರಿಗೂ ಹೊಳೆಯದೆ ಹೋಯಿತಲ್ಲ!

ಆ ಹೊತ್ತಿಗೆ ಸರಿಯಾಗಿ ಬೀಗಿತ್ತಿ ರುದ್ರಮ್ಮನವರು ಹಚ್ಚಿದ ದೀಪ ಹಿಡಿದು ಬಂದರು. ಅಳಿಯನ ತಾಯಿ. ಆ ಮನೆಯ ದೀಪದ ಡಿಪಾರ್ಟ್‌ಮೆಂಟ್ ಅವರದೇ.

"ಇದೇನ್ರೀ ಬೀಗ್ರೇ, ದೀಪದ ಗೂಡಲ್ಲಿ ಹಕ್ಕಿ?"

"ಮೆಲ್ಲಗೆ. ಮಲಗಿದ್ದಾಳೆ."

"ಮಲಗಿದ್ದಾಳಾ! ಅಲ್ಲೇ ಹಿಕ್ಕೆ ಹಾಕ್ತಾಳೆ ನಿಮ್ಮ ಮಗಳು. ಎಬ್ಬಿಸ್ರೀ."

"ಗೂಡು ಕೇಳಿದ್ದು ನಾನು."

"ಕಟ್ಟಿಸಿದ್ದು ನನ್ನ ಮಗ!"

ಶಾಂತಾ ಇಣುಕಿ, ಇಬ್ಬರ ಮುಖ ನೋಡಿ, ಮೆಲ್ಲಗೆ ಅಡುಗೆಮನೆಗೆ ಜಾರಿದಳು. (ಬುದ್ಧಿವಂತೆ. ನಾನೇ ಓದಿಸಿದ್ದು.)

ನಾನು ದನಿ ತಗ್ಗಿಸಿದೆ. "ರುದ್ರಮ್ಮನೋರೇ, ಬೋರ್ಡಿಂಗಲ್ಲಿ ನಮಗೆ ಸಾಲು ಮಂಚ ಇತ್ತು. ನಡುವಿನ ಮಂಚದಲ್ಲಿ ನಂಗೆ ನಿದ್ದೇನೇ ಬರ್ತಿರಲಿಲ್ಲ. ಗೋಡೆ ಪಕ್ಕದ ಮಂಚಕ್ಕೆ ದಿನಾ ಫೈಟ್. ಬೆನ್ನಿಗೆ ಗೋಡೆ ಇದ್ರೆ ಧೈರ್ಯ, ಅಷ್ಟೇ."

"ಮಂಚ ಬೇರೆ ಇತ್ತು ನಿಮಗೆ!" ಎಂದು ಅವರು ಮೂಗು ಮುರಿದರು. ಆದರೆ ಹೊರಡಲಿಲ್ಲ. "ನಾನು ಹೊಳೆಹೊನ್ನೂರಿಗೆ ಸೊಸೆಯಾಗಿ ಹೋದಾಗ ಮನೆ ತುಂಬ ಜನ. ನಡುಮನೇಲಿ ಮಲಗು ಅಂದ್ರು. ಯಾರು ನೀರು ಕುಡಿಯೋಕೆ ಎದ್ರೂ ನನ್ನ ದಾಟ್ಕೊಂಡೇ ಹೋಗ್ಬೇಕು. ಕಣ್ಣು ಮುಚ್ಚೋದು ಹೇಗೆ? ಒಂದಿನ ಚಾಪೆ ಎಳ್ಕೊಂಡು ಭತ್ತದ ಮೂಟೆ ಸಂದೀಲಿ ಸೇರ್ಕೊಂಡೆ. ಮೈಯೆಲ್ಲ ನವೆ ಮಾರಾಯ್ರೇ, ಆದ್ರೆ ಎಂಥಾ ನಿದ್ದೆ ಅಂತೀರಿ!"

"ನಿಮ್ಮತ್ತೆ ಏನೂ ಅನ್ಲಿಲ್ವಾ?"

"ಅನ್ನದೇ ಬಿಡ್ತಾರಾ? ಹೆಗ್ಗಣ ಅಂತ ಹೆಸರಿಟ್ರು. ಇಟ್ಕೊಳ್ಳಲಿ, ನಿದ್ದೆ ಬಂತಲ್ಲ!"

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಡೈಸಿ ಅಲುಗಲಿಲ್ಲ. ಉಸಿರಿಗೆ ತಕ್ಕಂತೆ ಆ ಕಂದು ಉಂಡೆ ಸಣ್ಣಗೆ ಉಬ್ಬಿ ಇಳಿಯುತ್ತಿತ್ತು. ರುದ್ರಮ್ಮನವರು ಅದನ್ನೇ ನೋಡುತ್ತ ನಿಂತರು. ಆಮೇಲೆ ದೀಪಕ್ಕೆ ಅಂಗೈ ಮರೆಮಾಡಿ, ಬೆಳಕು ಗೂಡಿಗೆ ಬೀಳದ ಹಾಗೆ, ಪಕ್ಕದ ಕೋಣೆಗೆ ಹೊರಟರು.

"ದೀಪಕ್ಕೆ ಬೇರೆ ಜಾಗ ನೋಡ್ತೀನಿ. ಇದಕ್ಕೆ ಎಲ್ಲಿ ನೋಡೋದು?"

ಈಗ ಗೂಡಿಗೆ ಅಳಿಯ ತಂದ ತಂತಿಬಲೆಯ ಬಾಗಿಲಿದೆ, ಬೆಕ್ಕಿನ ದರ್ಶನ ಕ್ಲೋಸ್ಡ್. ಒಳಗೆ ಹಳೇ ಬಟ್ಟೆಯ ಹಾಸು, ದಿನಾ ಬದಲಾಯಿಸುತ್ತೇನೆ. ಹೊತ್ತು ಮುಳುಗುತ್ತಲೇ ಡೈಸಿ ತಾನಾಗಿ ಹೋಗಿ ಸೇರಿಕೊಳ್ಳುತ್ತಾಳೆ. ಎದೆಯಲ್ಲಿ ಹೊಸ ಗರಿ ಮೊಳೆಯುತ್ತಿದೆ. ಬಾಳೆಹಣ್ಣು ಮಾತ್ರ ರುದ್ರಮ್ಮನವರ ಕೈಯಿಂದಲೇ ಆಗಬೇಕು. (ಥ್ಯಾಂಕ್‌ಲೆಸ್ ಕ್ರೀಚರ್!)

ನಾವು ಗಾಳಿ ಕೊಟ್ಟೆವು, ಬೆಚ್ಚನೆಯ ಜಾಗ ಕೊಟ್ಟೆವು, ಜನರ ಕಂಪನಿ ಕೊಟ್ಟೆವು. ಎಲ್ಲವೂ ನಮಗೆ ಇಷ್ಟವಾದದ್ದೇ. ಬಂದವಳಿಗೆ ಏನು ಬೇಕೆಂದು ಕೇಳುವವರು ಯಾರು?

ಹೊಸ ಮನೆ ತೋರಿಸುವವರೆಲ್ಲ ಎಷ್ಟು ಬಾಗಿಲು, ಎಷ್ಟು ಕಿಟಕಿ ಎಂದು ಹೇಳುತ್ತಾರೆ. ಸ್ವಾಮಿ, ನಾಳೆ ನಿಮ್ಮ ಮನೆ ತುಂಬಲಿರುವ ಸೊಸೆಗೆ ಬೆನ್ನಾನಿಸಲು ಯಾವ ಗೋಡೆ ಬಿಟ್ಟಿದ್ದೀರಿ?