ಸೋಮವಾರ ರಜೆ

ಎಲ್ಲಿಗಾದರೂ ಹೊರಡುವ ಮುಂಚೆ ಮೊಬೈಲನ್ನು ಕೇಳುವ ರೂಢಿ ಇನ್ನೂ ಬಂದಿರದ ಕಾಲ ಅದು. ಊರಿಗೆ ಒಂದೋ ಎರಡೋ ಮೊಬೈಲು ಬಂದಿದ್ದವು; ಸಿಗ್ನಲ್ಲು ಬೇಕೆಂದರೆ ಅವನ್ನು ಹಿಡಿದುಕೊಂಡು ಕೆರೆ ಏರಿ ಹತ್ತಬೇಕಿತ್ತು. ದಾರಿ ಗೊತ್ತಿಲ್ಲದವರು ಎದುರಿಗೆ ಸಿಕ್ಕವರನ್ನು ಕೇಳುತ್ತಿದ್ದರು. ಅಂಥ ಕಾಲದಲ್ಲಿ, ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ನನ್ನ ದೊಡ್ಡಪ್ಪ ದೊಡ್ಡವ್ವನ ಪ್ರವಾಸಕ್ಕೆ ನಾನು ಪ್ಲಾನು ಹಾಕಿಕೊಟ್ಟೆ. ಅದು ನನ್ನ ಜೀವನದ ಮೊದಲ ದೊಡ್ಡ ಜವಾಬ್ದಾರಿ, ಮೊದಲ ದೊಡ್ಡ ತಪ್ಪು ಕೂಡ.

ಅಪ್ಪ ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ರೈಟರಾಗಿದ್ದರು. ಪರೀಕ್ಷೆ ಮುಗಿದ ಮಾರನೇ ದಿನವೇ ನನ್ನನ್ನು ಗಾವಡಗೆರೆ ಕಡೆಯ ನಮ್ಮ ಹಳ್ಳಿಗೆ ಬಸ್ಸು ಹತ್ತಿಸಿಬಿಡುತ್ತಿದ್ದರು. ದೊಡ್ಡಪ್ಪನ ಮನೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಹೊಗೆಸೊಪ್ಪಿನ ಘಾಟು. ಸೊಪ್ಪು ಮಾರಿ ತಿಂಗಳುಗಳಾಗಿದ್ದರೂ ಗೋಡೆ, ಕಂಬಳಿ, ದೊಡ್ಡಪ್ಪನ ಟವಲ್ಲು ಎಲ್ಲದರಲ್ಲೂ ಅದು ಉಳಿದಿರುತ್ತಿತ್ತು. ಆಮೇಲೆ ಉಪ್ಪು ಹಚ್ಚಿದ ಮಾವಿನಕಾಯಿ, ಹುರಿದ ಹುರುಳಿ, ಮಧ್ಯಾಹ್ನದ ಬಿಸಿಲಲ್ಲಿ ಜಗಲಿಯ ಮೇಲೆ ಹುಣಸೆಬೀಜ ಇಟ್ಟು ಆಡುವ ಚೌಕಾಬಾರ. ದೊಡ್ಡವ್ವ ಆಟದಲ್ಲಿ ಮೋಸ ಮಾಡುತ್ತಿದ್ದಳು. ಹಿಡಿದರೆ, "ಕಣ್ ಕಾಣಾಕಿಲ್ಲ ಕಣ್ ಮಗ, ವಯಸ್ಸಾಯ್ತಲ್ಲ" ಅನ್ನುತ್ತಿದ್ದಳು. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ.

ಈ ಗಂಡ ಹೆಂಡತಿಗೆ ಊರಲ್ಲಿ ಯಾರಿಗೂ ಇಲ್ಲದ ಒಂದು ಚಟವಿತ್ತು: ಮ್ಯೂಸಿಯಂ ನೋಡುವುದು. ಹೊಸದಾಗಿ ಮದುವೆಯಾದಾಗ ಮೈಸೂರಿಗೆ ಹೋಗಿದ್ದರಂತೆ. ಮಳೆ ಬಂತು, ಯಾವುದೋ ದೊಡ್ಡ ಕಟ್ಟಡದೊಳಗೆ ನುಗ್ಗಿದರು, ಅದು ಮ್ಯೂಸಿಯಂ ಆಗಿತ್ತು. ಮಳೆ ನಿಂತ ಮೇಲೂ ಇವರು ಹೊರಗೆ ಬರಲಿಲ್ಲ. ಅಂದಿನಿಂದ ವರ್ಷಕ್ಕೊಂದು ಸಲ, ರಾಗಿ ಒಕ್ಕಣೆಯಾಗಿ ಕೈ ಬಿಡುವಾದ ಮೇಲೆ, ಇಬ್ಬರೂ ದೊಡ್ಡಪ್ಪನ ಟಿವಿಎಸ್ ಗಾಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಊರವರು ನಗುತ್ತಿದ್ದರು. "ದೇವ್ರು ನೋಡಕ್ ಹೋಗೋರ್ನ ಕಂಡಿದೀವಿ, ಒಡ್ದೋದ್ ಮಡ್ಕೆ ನೋಡಕ್ ಹೋಗೋರ್ನ ಕಾಣೆ ಕಣಪ್ಪ" ಎನ್ನುತ್ತಿದ್ದರು. ದೊಡ್ಡಪ್ಪ ಅದಕ್ಕೆಲ್ಲ ಜಗ್ಗುವ ಆಸಾಮಿಯಲ್ಲ.

ದೊಡ್ಡವ್ವನಿಗೆ ಓದು ಬರುತ್ತಿರಲಿಲ್ಲ. ದೊಡ್ಡಪ್ಪ ಮೂರನೇ ಕ್ಲಾಸಿನವರೆಗೆ ಹೋಗಿ ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದರು. ಹಾಗಾಗಿ ಮ್ಯೂಸಿಯಂನಲ್ಲಿ ಇಬ್ಬರ ಕೆಲಸವೂ ಹಂಚಿಹೋಗಿತ್ತು: ಇವರು ಬೋರ್ಡು ಓದುವುದು, ಅವಳು ಅದು ಸರಿಯೋ ತಪ್ಪೋ ಹೇಳುವುದು. ಒಂದು ಕಡೆ ಗಾಜಿನ ಪೆಟ್ಟಿಗೆಯೊಳಗೆ ಬಿದಿರಿನ ಕೊಳವೆ ಇಟ್ಟು 'ಬುಡಕಟ್ಟಿನ ಸಂಗೀತ ವಾದ್ಯ' ಎಂದು ಬರೆದಿದ್ದರಂತೆ. ದೊಡ್ಡವ್ವ ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. "ಅಯ್ಯೋ ನಿಮ್ಮ! ಇದು ಎತ್ತಿಗೆ ಎಣ್ಣೆ ಕುಡ್ಸೋ ಗೊಟ್ಟ ಕಣ್ರೀ! ಇದ್ನ ಊದುದ್ರೆ ಸಂಗೀತ ಬರಾಕಿಲ್ಲ, ಎತ್ತಿನ್ ಜೊಲ್ಲು ಬತ್ತದೆ" ಎಂದಳಂತೆ. ಈ ಕಥೆಯನ್ನು ದೊಡ್ಡಪ್ಪನ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಮಾತ್ರ ದೊಡ್ಡವ್ವ ನಗುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವಳ ಅವ್ವ ತೀರಿಕೊಂಡಿದ್ದಳು. ಪುಟ್ಟತಾಯಮ್ಮ ಅಂತ ಹೆಸರು, ಬೆಟ್ಟದಪುರದ ಹತ್ತಿರದ ಹಳ್ಳಿ. ಆ ಮನೆಯಲ್ಲಿ ಆಳೆತ್ತರದ ಮರದ ಶಾವಿಗೆ ಒರಳಿತ್ತು. ಬೀದಿಯ ಎಲ್ಲ ಮನೆಯವರೂ ಬೆಂದ ಅಕ್ಕಿಹಿಟ್ಟಿನ ಉಂಡೆಗಳನ್ನು ಬಟ್ಟೆ ಮುಚ್ಚಿ ಹೊತ್ತು ತಂದು ಅದರಲ್ಲೇ ಒತ್ತಿಸಿಕೊಂಡು ಹೋಗುತ್ತಿದ್ದರು. ನಾನೂ ಒಂದೆರಡು ಸಲ ಅದರ ಸನ್ನೆಮರದ ತುದಿಯಲ್ಲಿ ಕೂತು ಭಾರ ಕೊಟ್ಟಿದ್ದೇನೆ. ಕೆಳಗೆ ಬಿಸಿ ಶಾವಿಗೆ ಹಬೆಯಾಡುತ್ತ ಇಳಿಯುತ್ತಿತ್ತು, ಪುಟ್ಟತಾಯಮ್ಮ ಬಾಳೆಎಲೆ ಹಿಡಿದು ಸುತ್ತಿಕೊಳ್ಳುತ್ತಿದ್ದಳು. ಆಮೇಲೆ ಕಾಯಿಹಾಲು, ಏಲಕ್ಕಿ, ಬೆಲ್ಲ. ಯುಗಾದಿಗೆ ತವರಿಗೆ ಹೋದ ದೊಡ್ಡವ್ವನಿಗೆ ಒರಳು ಇದ್ದ ಜಾಗ ಖಾಲಿ ಕಂಡಿತು. ತಮ್ಮ ಬಸವರಾಜು ಅದನ್ನು ಮ್ಯೂಸಿಯಂನವರಿಗೆ ಕೊಟ್ಟುಬಿಟ್ಟಿದ್ದ. ಬಿಳಿಕೆರೆ ದಾಟಿ ಮೈಸೂರು ರಸ್ತೆಯ ಪಕ್ಕದಲ್ಲಿ, ಹಳ್ಳಿಯ ಹಳೇ ಸಾಮಾನುಗಳನ್ನೆಲ್ಲ ಕೂಡಿಹಾಕಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ಮ್ಯೂಸಿಯಂ ಅದು.

"ಒಂದ್ ಮಾತ್ ಕೇಳ್ಬಾರ್ದಿತ್ತಾ ನನ್ನ?" ಎಂದು ಅವಳು ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಮನೆಗೆ ಬಂದು ದೊಡ್ಡಪ್ಪನ ಹತ್ತಿರ ಒಂದೇ ಹಟ: "ಅವ್ವನ್ ವರ್ಷದ ಎಡೆ ಇಕ್ಕೋದ್ರೊಳಗೆ ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ಹೆಂಗ್ ಮಡಗವ್ರೋ ಏನೋ."

ಎಡೆಗೆ ಇದ್ದದ್ದು ಎರಡು ವಾರ. ಆದರೆ ಒಳ್ಳೆ ಮಳೆ ಬಿದ್ದಿತ್ತು, ಉಳುಮೆ ಭರದಿಂದ ಸಾಗಿತ್ತು, ಹೊಗೆಸೊಪ್ಪಿನ ಸಸಿಮಡಿಗೆ ಬೆಳಗ್ಗೆ ಸಂಜೆ ನೀರು ಬೇರೆ. ದೊಡ್ಡಪ್ಪನಿಗೆ ಒಂದು ದಿನಕ್ಕಿಂತ ಹೆಚ್ಚು ಬಿಡುವಿರಲಿಲ್ಲ. ಒಂದು ಸಂಜೆ ನನ್ನನ್ನು ಕರೆದು, "ನೀನು ಓದ್ದೋಳು. ಯಾವತ್ ಹೋದ್ರೆ ಚೆಂದ, ಎಲ್ಲೆಲ್ಲಿ ನಿಲ್ಬೇಕು, ಎಲ್ಲಾ ಬರ್ದ್ ಕೊಡು ಮಗ. ಹೋಟ್ಲು ಗೀಟ್ಲು ಬ್ಯಾಡ. ಪೆಟ್ರೋಲು, ಟಿಕೀಟು, ಅಷ್ಟೇ ಖರ್ಚು" ಎಂದರು.

ನಾನು ನೋಟ್‌ಬುಕ್ಕಿನ ಕೊನೆಯ ಹಾಳೆ ಹರಿದು ಗೆರೆ ಎಳೆದು ಕೂತೆ. ಹುಣಸೂರಿನಲ್ಲಿ ಪೆಟ್ರೋಲು. ಬಿಳಿಕೆರೆಯಲ್ಲಿ ಟೀ, ಅದು ದೊಡ್ಡಪ್ಪನಿಗೆ ಮಾತ್ರ. ಮಧ್ಯಾಹ್ನಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. 'ಸಂಗಡ ಒಬ್ಬರು ಓದುವವರು ಅಗತ್ಯ' ಎಂದು ದಪ್ಪ ಅಕ್ಷರದಲ್ಲಿ ಬರೆದು ನನ್ನ ಹೆಸರನ್ನೂ ಸೇರಿಸಿಕೊಂಡೆ. ಟಿವಿಎಸ್ಸಿನ ಮುಂದುಗಡೆ ನಾನು ನಿಂತುಕೊಂಡರಾಯಿತು.

ದಿನ ಗೊತ್ತುಮಾಡುವುದು ಬಾಕಿ ಉಳಿಯಿತು. ಬಸವರಾಜು ಮಾವ ಕೊಟ್ಟಿದ್ದ ಆ ಮ್ಯೂಸಿಯಂನ ಚೀಟಿ ಮನೆಯಲ್ಲಿತ್ತು. ಅದರ ಕೆಳಗಡೆ 'ಸೋಮವಾರ ರಜೆ' ಎಂದು ಅಚ್ಚಾಗಿತ್ತು. ಅದನ್ನು ಓದಿ ನಾನು ಕುಣಿದಾಡಿಬಿಟ್ಟೆ.

ಯಾಕೆಂದು ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅದು ಬಸವಣ್ಣನ ದಿನ. ಎಷ್ಟೇ ಹದ ಇರಲಿ, ಸೋಮವಾರ ಆರು ಕಟ್ಟಿ ಉಳಲು ಹೊರಟರೆ ಊರೇ ಬಯ್ಯುತ್ತದೆ. ಹಾಗಾಗಿ ನೆಂಟರ ಮನೆಗೆ ಹೋಗುವುದಿರಲಿ, ಹೆಣ್ಣು ನೋಡುವುದಿರಲಿ, ನ್ಯಾಯ ಪಂಚಾಯ್ತಿ ಇರಲಿ, ಎಲ್ಲಕ್ಕೂ ಸೋಮವಾರವೇ. ಅವತ್ತು ಹೋದರೆ ಯಾರಾದರೂ ಮನೆಯಲ್ಲಿ ಸಿಗುತ್ತಾರೆ, ಬಿಡುವಾಗಿ ಕೂತು ಮಾತಾಡುತ್ತಾರೆ. ರಜೆ ಎಂದರೆ ಮನೆಯಲ್ಲಿರುವ ದಿನ ಎಂದೇ ನಾನು ತಿಳಿದಿದ್ದೆ.

"ದೊಡ್ಡಪ್ಪಾ, ಅವರಿಗೂ ಸೋಮವಾರ ರಜವಂತೆ!" ಎಂದು ಚೀಟಿ ತೋರಿಸಿದೆ.

ದೊಡ್ಡಪ್ಪ ಚೀಟಿಯನ್ನು ದೂರ ಹಿಡಿದು, ತುಟಿ ಅಲ್ಲಾಡಿಸಿ ಓದಿ, ತಲೆದೂಗಿದರು. "ಅಂಗಾದ್ರೆ ಅವ್ರೂ ಆರು ಕಟ್ಟಾಕಿಲ್ಲ ಅಂತಾಯ್ತು. ಒಳ್ಳೇದಾಯ್ತು ಬುಡು. ಕೆಲ್ಸ ಇರಾಕಿಲ್ಲ, ನಿಧಾನಕ್ಕೆ ತೋರುಸ್ತಾರೆ."

ಸೋಮವಾರ ಹೊತ್ತು ಮೂಡುವ ಮುಂಚೆ ಹೊರಟೆವು. ದೊಡ್ಡವ್ವ ಒರಳಿಗೆ ಹಚ್ಚಲೆಂದು ಪುಟ್ಟ ಬಾಟಲಿಯಲ್ಲಿ ಹರಳೆಣ್ಣೆ ತೆಗೆದುಕೊಂಡಿದ್ದಳು. ಎಣ್ಣೆ ಕಾಣದಿದ್ದರೆ ಮರ ಸೀಳುತ್ತದೆ ಎಂಬ ಚಿಂತೆ ಅವಳಿಗೆ. ಹುಣಸೂರು ದಾಟಿದ ಮೇಲೆ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಲಾರಿಗಳು ಹಾರ್ನು ಹೊಡೆದು ನಮ್ಮನ್ನು ಪಕ್ಕಕ್ಕೆ ತಳ್ಳುತ್ತಿದ್ದವು. ಬಿಳಿಕೆರೆಯಲ್ಲಿ ದೊಡ್ಡಪ್ಪ ತಮ್ಮ ಟೀಯಲ್ಲಿ ಅರ್ಧವನ್ನು ತಟ್ಟೆಗೆ ಸುರಿದು ನನಗೆ ಕೊಟ್ಟರು. ಪ್ಲಾನಿನಲ್ಲಿ ಅದು ಇರಲಿಲ್ಲ.

ಮ್ಯೂಸಿಯಂನ ಗೇಟಿಗೆ ಬೀಗ ಹಾಕಿತ್ತು. ಒಳಗಿನಿಂದ ವಾಚ್‌ಮನ್ ಬಂದ, ವಯಸ್ಸಾದವನು.

"ಇವತ್ತು ಸೋಮ್ವಾರ, ರಜ. ಬರ್ದಿರೋದು ನೋಡಿಲ್ವಾ ಯಜಮಾನ್ರೆ?"

"ಬರ್ದದೆ ಅಂತಲೇ ಬಂದೋ ಕಣಪ್ಪ" ಎಂದರು ದೊಡ್ಡಪ್ಪ. "ರಜ ಇದ್ರೆ ತಾನೆ ನೀವು ಮನೇಲ್ ಸಿಕ್ಕೋದು?"

ವಾಚ್‌ಮನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ನಗಲಿಲ್ಲ, ಅದು ಅವನ ದೊಡ್ಡತನ. ನನಗೆ ಅಷ್ಟರಲ್ಲಿ ಎಲ್ಲ ಹೊಳೆದುಹೋಗಿತ್ತು. ಕಟ್ಟಡದ ಬೀಗದ ಕೈ ಮೈಸೂರಿನಲ್ಲಿ ಸಾಹೇಬರ ಹತ್ತಿರ ಇದೆ, ನಾಳೆ ಬನ್ನಿ ಎಂದ ಅವನು. ನಾಳೆ ಎಂದರೆ ಆರು ಕಟ್ಟಬೇಕು, ಸಸಿಮಡಿಗೆ ನೀರು ಹಾಕಬೇಕು. ದೊಡ್ಡವ್ವ ಗೇಟಿನ ಸರಳು ಹಿಡಿದು, "ನಮ್ಮವ್ವುನ್ ಒರಳು ಒಳಗದೆ ಕಣಪ್ಪ" ಎಂದಷ್ಟೇ ಹೇಳಿದಳು. ಅವನು ಅವಳ ಮುಖ ನೋಡಿ ಗೇಟು ತೆರೆದ. "ಬಾಗ್ಲು ತೆಗ್ಯಕ್ ಆಗಾಕಿಲ್ಲ ತಾಯಿ. ಹಿಂದ್ಗಡೆ ಕಿಟ್ಕಿ ಅದೆ, ನೋಡ್ಕೊಂಡ್ ಹೋಗಿ."

ಕಿಟಕಿಯ ಗಾಜಿಗೆ ದೂಳು ಕೂತಿತ್ತು. ದೊಡ್ಡವ್ವ ಸೆರಗಿನಿಂದ ಒರೆಸಿ, ಕೈಯನ್ನು ಹಣೆಗೆ ಮರೆ ಹಿಡಿದು ಇಣುಕಿದಳು. "ಅಗೋ. ಅದೇ. ತಗಡಿನ್ ಪಟ್ಟಿ ನೋಡಿ" ಎಂದಳು. ಒರಳಿನ ಸೀಳಿಗೆ ಹೊಡೆದಿದ್ದ ತಗಡು ಮಬ್ಬಿನಲ್ಲಿ ಕಾಣುತ್ತಿತ್ತು. ಸುತ್ತ ಹಗ್ಗ ಕಟ್ಟಿದ್ದರು. ಮುಂದೆ ಒಂದು ಬೋರ್ಡು.

"ಏನಂದ್ರೆ, ಏನ್ ಬರ್ದವ್ರೆ ಓದಿ."

ದೊಡ್ಡಪ್ಪ ಇಣುಕಿದರು. ತುಟಿ ಅಲ್ಲಾಡಿತು, ನಿಂತಿತು. "ನಂಗ್ ಸರ್ಯಾಗ್ ಕಾಣಾಕಿಲ್ಲ. ನೀ ಓದವ್ವ" ಎಂದು ನನ್ನನ್ನು ಎತ್ತಿ ಹಿಡಿದರು.

ಬೋರ್ಡಿನ ಅಕ್ಷರ ದೊಡ್ಡದಾಗಿಯೇ ಇತ್ತು. 'ಶಾವಿಗೆ ಒರಳು. ಮರ. ಪಿರಿಯಾಪಟ್ಟಣ ತಾಲ್ಲೂಕು. ಕೊಡುಗೆ: ಬಸವರಾಜು.' ಅಷ್ಟೇ.

"ಅವ್ವನ್ ಎಸ್ರು ಅದಾ ಮಗ?" ಎಂದಳು ದೊಡ್ಡವ್ವ.

ಇಷ್ಟು ದೂರ ಕರೆತಂದು ಬೀಗ ತೋರಿಸಿದವಳು ನಾನು. ಇಲ್ಲ ಅನ್ನಲು ನನಗೆ ಆಗಲಿಲ್ಲ. "ಅದೆ ದೊಡ್ಡವ್ವ" ಎಂದು ಶಾಲೆಯಲ್ಲಿ ಪಾಠ ಓದುವ ರಾಗದಲ್ಲಿ ಓದಿದೆ. "ಬೆಟ್ಟದಪುರದ ಪುಟ್ಟತಾಯಮ್ಮನವರ ಶಾವಿಗೆ ಒರಳು."

ಅವಳು ಗಾಜಿಗೆ ಹಣೆ ಒತ್ತಿ ಅತ್ತಳು. ದೊಡ್ಡಪ್ಪ ನನ್ನನ್ನು ಕೆಳಗಿಳಿಸಿ, ನನ್ನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತು ರೊಟ್ಟಿ ತಿಂದೆವು. ವಾಚ್‌ಮನ್‌ಗೂ ಎರಡು ಕೊಟ್ಟೆವು. ದೊಡ್ಡವ್ವ ಹರಳೆಣ್ಣೆ ಬಾಟಲಿಯನ್ನು ಅವನ ಕೈಗೆ ಕೊಟ್ಟು, ಒರಳಿಗೆ ಹಚ್ಚಿಸು ಎಂದು ಹೇಳಿ ಹೊರಟಳು.

ಅವ್ವನ ಎಡೆಗೆ ಅವಳು ನಮ್ಮನ್ನೂ ಕರೆದುಕೊಂಡು ತವರಿಗೆ ಹೋಗಿ ತಮ್ಮನ ಜೊತೆ ಮಾತಾಡಿದಳು. "ಒಳ್ಳೆ ಕೆಲ್ಸ ಮಾಡ್ದೆ ಕಣ್ಲಾ ಬಸ್ವ. ಅವ್ವನ್ ಎಸ್ರು ಬೋರ್ಡಲ್ಲಿ ಹಾಕ್ಸಿದೀಯ" ಎಂದಳು. ಅವನು ತಬ್ಬಿಬ್ಬಾಗಿ ದೊಡ್ಡಪ್ಪನ ಮುಖ ನೋಡಿದ, ದೊಡ್ಡಪ್ಪ ಕಣ್ಣು ಮಿಟುಕಿಸಿದರು. ಬೋರ್ಡು ಅವರಿಗೂ ಚೆನ್ನಾಗಿಯೇ ಕಂಡಿತ್ತೆಂದು ನನಗೆ ಗೊತ್ತಾದದ್ದು ಆಗ. ನನ್ನ ಸುಳ್ಳು ಒಂದು ಮನೆಯನ್ನು ಕೂಡಿಸಿತು ಎಂದು ಬಹಳ ದಿನ ಒಳಗೊಳಗೇ ಬೀಗಿದೆ.

ರಾಗಿ ಒಕ್ಕಣೆಯಾದ ಮೇಲೆ ದೊಡ್ಡಪ್ಪ, "ಬಾಗ್ಲು ತೆಗ್ದಿರೋ ದಿನ ಇನ್ನೊಂದ್ಸಲ ಹೋಗಣ ನಡಿ" ಎಂದರು. ದೊಡ್ಡವ್ವ ಒಪ್ಪಲಿಲ್ಲ. "ಬ್ಯಾಡ. ಒಳಕ್ಕೋದ್ರೆ ಮುಟ್ಬೇಕು ಅನ್ನುಸ್ತದೆ, ಮುಟ್ಟುದ್ರೆ ತರ್ಬೇಕು ಅನ್ನುಸ್ತದೆ. ಎಸ್ರು ಅದೆಯಲ್ಲ, ಸಾಕು. ಅಲ್ಲೇ ಇರ್ಲಿ." ಮುಂದಿನ ವರ್ಷವೂ ಅದೇ ಮಾತು. ಬೇರೆ ಮ್ಯೂಸಿಯಂಗಳಿಗೆ ಹೋದರು, ಅಲ್ಲಿಗೆ ಮಾತ್ರ ಹೋಗಲಿಲ್ಲ. ಒರಳಿನ ಮಾತು ಬಂದಾಗಲೆಲ್ಲ ಬೋರ್ಡಿನ ಮಾತೂ ಬರುತ್ತಿದ್ದರಿಂದ ನಾನು ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದೆ. ಈಗ ಇಬ್ಬರೂ ಇಲ್ಲ. ದೊಡ್ಡವ್ವ ಆ ಬಾಗಿಲೊಳಗೆ ಒಮ್ಮೆಯೂ ಕಾಲಿಡದೆ ಹೋದಳು.

ಹೋದ ವರ್ಷ ನಾನೂ ನನ್ನ ಗಂಡನೂ ಆ ದಾರಿಯಲ್ಲಿ ಕಾರು ನಿಲ್ಲಿಸಿದೆವು. ತೆರೆದಿದೆ, ಇಷ್ಟು ಗಂಟೆಗೆ ಮುಚ್ಚುತ್ತದೆ ಎಂದೆಲ್ಲ ಮೊಬೈಲು ಮೊದಲೇ ಹೇಳಿತ್ತು. ಒಳಗೆ ಎಲ್ಲವೂ ಚೊಕ್ಕಟವಾಗಿತ್ತು. ಜನ ಬೋರ್ಡು ಓದಿ, ಫೋಟೊ ತೆಗೆದು, ಮುಂದಿನ ಬೋರ್ಡಿಗೆ ಹೋಗುತ್ತಿದ್ದರು. ತಪ್ಪು ಬರೆದಿದ್ದೀರಿ ಎಂದು ನಗುವವರು ಯಾರೂ ಇರಲಿಲ್ಲ. ಒರಳಿನ ಮುಂದೆ ಅದೇ ನಾಲ್ಕು ಮಾತು. ಪುಟ್ಟತಾಯಮ್ಮನ ಹೆಸರು ಸೇರಿಸಬಹುದೇ ಎಂದು ಆಫೀಸಿನಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ. "ಖಂಡಿತ ಮೇಡಂ, ಇಂಥ ಮಾಹಿತಿಯೇ ನಮಗೆ ಬೇಕು" ಎಂದು ಖುಷಿಯಿಂದ ಒಂದು ಫಾರಂ ಕೊಟ್ಟಳು.

'ಬಳಸುತ್ತಿದ್ದವರ ಹೆಸರು' ಎಂದಿದ್ದ ಕಡೆ ಪುಟ್ಟತಾಯಮ್ಮ ಎಂದು ಬರೆದೆ. ಇಷ್ಟು ವರ್ಷದ ಮೇಲೆ ಅದು ನಿಜವಾಗುತ್ತದೆ ಎಂದುಕೊಂಡೆ. ಅದರ ಕೆಳಗಿನ ಸಾಲಿನಲ್ಲಿ ಯಾವ ಮರ ಎಂದಿತ್ತು. ಮಾಡಿದವರು ಯಾರು, ಎಷ್ಟು ತಲೆಮಾರಿನದು, ಸೀಳು ಬಿದ್ದದ್ದು ಯಾವಾಗ, ಒತ್ತುವಾಗ ಹಾಡು ಹೇಳುತ್ತಿದ್ದರೇ. ಒಂದೊಂದನ್ನೂ ಬಲ್ಲವಳು ಒಬ್ಬಳಿದ್ದಳು. ಒರಳಿನ ಎದುರಿಗೆ ನಿಲ್ಲಿಸಿದ್ದರೆ ಕೇಳದೆಯೇ ಎಲ್ಲ ಹೇಳುತ್ತಿದ್ದಳು. ಬೀಗ ಹಾಕಿದ್ದದ್ದು ಒಂದೇ ಒಂದು ಸೋಮವಾರ. ಮಿಕ್ಕ ದಿನಗಳಲ್ಲೆಲ್ಲ ಅವಳು ಒಳಗೆ ಬಾರದಂತೆ ಮಾಡಿದ್ದು ನಾನು ಓದಿದ ಆ ಒಂದು ಸಾಲು. ಗಂಡ ಬಂದು, "ಆಯ್ತಾ?" ಎಂದರು. ಆಯಿತು ಎಂದು, ಮಿಕ್ಕ ಸಾಲುಗಳೆಲ್ಲ ಖಾಲಿ ಇದ್ದ ಫಾರಂ ಕೊಟ್ಟೆ. ಹುಡುಗಿ ಅದನ್ನು ತಿರುಗಿಸಿ ನೋಡಿ, "ಇಷ್ಟೇನಾ ಮೇಡಂ?" ಎಂದಳು.