ಪರದೆಯ ಹಿಂದಿನ ಆರತಿ ಹಾಡು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಸಯನ್‌ನ ತವರುಮನೆ ನೆನಪಾಗುತ್ತದೆ. ಈಗೀಗ ಬೆನ್ನಿಗೇ ಸಿಟ್ಟೂ ಬರುತ್ತದೆ. ನನ್ನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಇಷ್ಟು ವರ್ಷ ಅತ್ತೆಯ ಹಳೇ ಕಾಟನ್ ಸೀರೆಯಲ್ಲಿ ಸುತ್ತಿ, ಗುಳಿಗೆ ಹಾಕಿ ಇಟ್ಟಿದ್ದೆ. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಉಡುಪಿಯಿಂದ ನಮ್ಮ ಎರಡು ಕೋಣೆಯ ಮನೆಗೆ ಬಂದವರು. ಅಮ್ಮ ಕಾಯಿಲೆಯವಳು, ನನ್ನನ್ನೂ ತಮ್ಮನನ್ನೂ ಸಾಕಿದ್ದು ಅತ್ತೆಯೇ. ಸಂಜೆ ಕಾನ್ವೆಂಟಿನಿಂದ ಬಂದ ನನ್ನ ಜಡೆ ಬಿಚ್ಚಿ, ರಿಬ್ಬನ್ನನ್ನು ಬೆರಳಿಗೆ ಸುರುಳಿ ಸುತ್ತುತ್ತ ಶೋಭಾನೆ ಹಾಡುತ್ತಿದ್ದರು. ಆ ಬೆರಳಿನ ತೆಂಗಿನೆಣ್ಣೆಯ ವಾಸನೆ ಇನ್ನೂ ನೆನಪಿದೆ. ಅವರು ತೀರಿಕೊಂಡ ಮೇಲೆ ದನಿ ಮಾತ್ರ ನೆನಪಿನಿಂದ ಜಾರಿಹೋಗಿ, ಆ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು.

ಮದುವೆ ಮನೆಯಲ್ಲಿ ಆರತಿಗೆ ಮುತ್ತೈದೆಯರೇ ಬೇಕು. ಕ್ಯಾಮರಾದವನು ಲೈಟ್ ಹಚ್ಚುತ್ತಲೇ ಅಪ್ಪ, "ಅಕ್ಕ, ನೀನು ಸ್ವಲ್ಪ ಒಳಗಿರು" ಅಂದರು. ಅತ್ತೆ ಅಡುಗೆಮನೆಯ ಪರದೆಯ ಹಿಂದೆ ಸರಿದರು. ರೇಷ್ಮೆ ಉಟ್ಟು ನಿಂತವರಿಗೆ ಎರಡನೇ ನುಡಿಗೇ ಹಾಡು ಮರೆತುಹೋಯಿತು. ಆಗ ಪರದೆಯ ಆಚೆಯಿಂದ ಅತ್ತೆಯ ದನಿ ಎದ್ದಿತು. ಹೊರಗಿದ್ದವರು ಸುಮ್ಮನೆ ತುಟಿ ಆಡಿಸಿದರು. ಮುಖ ಅಮಂಗಲ, ದನಿ ಮಂಗಲ. ವೆರಿ ಕನ್ವೀನಿಯೆಂಟ್.

ಕಳೆದ ತಿಂಗಳು ತಮ್ಮನ ಹೆಂಡತಿ ಶರ್ಮಿಳಾ, ಕಂಪ್ಯೂಟರಿನಲ್ಲಿ ಹಾಕಿ ಡಿಸ್ಕ್ ಮಾಡಿಕೊಡುತ್ತೇನೆಂದು ಕ್ಯಾಸೆಟ್ಟನ್ನು ಪವಾಯಿಯ ತಮ್ಮ ಮನೆಗೆ ಒಯ್ದಳು. ಮೊನ್ನೆ ಕರೆದು ತೋರಿಸಿದಳು. ಆರತಿ ಬಂತು, ಜೊತೆಗೆ ಎಲ್ಲಿಯದೋ ಶಹನಾಯಿ. ಅತ್ತೆ ಎಲ್ಲಿ ಎಂದೆ.

"ಲಿಪ್ಸ್ ಒಂದು ಕಡೆ, ವಾಯ್ಸ್ ಒಂದು ಕಡೆ ಇತ್ತು ಅಕ್ಕ. ಸಿಂಕ್ ಹೋಗಿದೆ ಅಂತ ಮ್ಯೂಟ್ ಮಾಡಿ ಮ್ಯೂಸಿಕ್ ಹಾಕ್ದೆ. ಕ್ಲಾಸಿ ಆಯ್ತಲ್ಲ?"

ಕ್ಯಾಸೆಟ್ ವಾಪಸ್ ಕೇಳಿದೆ. ಬೂಷ್ಟು ಹಿಡಿದಿತ್ತಂತೆ, ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಹಾಕಿದಳಂತೆ. ಕಂಪ್ಯೂಟರಿನಲ್ಲಿದ್ದದ್ದನ್ನೂ ಜಾಗ ಸಾಲದೆಂದು ಅಳಿಸಿದ್ದಳು. ಅದೇ ಅತ್ತೆಯ ಕೈತುತ್ತು ತಿಂದು ಬೆಳೆದ ನನ್ನ ತಮ್ಮ, ಸೋಫಾದಿಂದ ಏಳದೆ, "ಪಾಪ, ಎಷ್ಟು ಮೆಹನತ್ ಮಾಡಿದ್ದಾಳೆ. ಒಂದು ಥ್ಯಾಂಕ್ಸ್ ಆದ್ರೂ ಹೇಳು" ಅಂದ. ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ಅಂದು ಅಪ್ಪ ಮುಖವನ್ನು ಒಳಗೆ ಕಳಿಸಿದರು, ಇಂದು ಇವರು ದನಿಯನ್ನು ಅಳಿಸಿದರು. ಕಂಪ್ಲೀಟ್ ಜಾಬ್.

ಈಗ ಮಧ್ಯಾಹ್ನ ಒಬ್ಬಳೇ ಇದ್ದಾಗ ಶಹನಾಯಿಯ ವಾಲ್ಯೂಮ್ ಪೂರ್ತಿ ಇಳಿಸಿ ಡಿಸ್ಕ್ ನೋಡುತ್ತೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಪರದೆ ಇದ್ದಿರಬಹುದು. ಇದ್ದರೆ ನಿಮಗೆ ತಿಳಿದೀತು. ಆರತಿ ತಟ್ಟೆ ತಿರುಗುತ್ತದೆ, ತುಟಿಗಳು ಆಡುತ್ತವೆ. ಹಿಂದೆ ಅಡುಗೆಮನೆಯ ಹೂವಿನ ಪರದೆ, ಅದಕ್ಕೆ ಅಷ್ಟು ಹತ್ತಿರ ಯಾರೋ ನಿಂತು ಉಸಿರೆಳೆದು ಹಾಡುತ್ತಿರುವಂತೆ, ಒಮ್ಮೆ ಒಳಕ್ಕೆ ಎಳೆದುಕೊಳ್ಳುತ್ತದೆ, ಒಮ್ಮೆ ಹೊರಕ್ಕೆ ಉಬ್ಬುತ್ತದೆ. ಒಂದೊಂದು ನುಡಿ ಮುಗಿಯುವಲ್ಲಿ ಚೂರು ನಿಲ್ಲುತ್ತದೆ.